‘ವಯಸ್ಸಾಗೈತಿ ಬಿಡ್ರಿ’ ಅನ್ನುವ ಮೊದಲು: ಮನೆಯ ಮುದಿ ನಾಯಿ ಮತ್ತು ಮೊಬೈಲ್ ಮದ್ದು

2024ರ ಜುಲೈ ಕೊನೆಯಲ್ಲಿ ನಿಪ್ಪಾಣಿ ತಾಲ್ಲೂಕಿನ ಯಮಗರ್ಣಿಯ ಕರಿ ನಾಯಿಯೊಂದರ ಸುದ್ದಿ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಅದರ ಹೆಸರು ಮಹಾರಾಜ. ಜೂನ್ ಕೊನೆಯ ವಾರ ಯಜಮಾನರ ಹಿಂದೆ ಪಂಢರಪುರದ ವಾರಿಗೆ ನಡೆದು ಹೋಗಿತ್ತು. ವಿಠ್ಠಲನ ದರ್ಶನ ಮುಗಿಸಿ ನೋಡಿದರೆ ನಾಯಿ ಇಲ್ಲ. ಅವರು ಹುಡುಕಿ, ಸಿಗದೆ ಊರಿಗೆ ಮರಳಿದರು. ಮರುದಿನ ನಾಯಿ ಮನೆ ಮುಂದೆ ಬಾಲ ಅಲ್ಲಾಡಿಸುತ್ತ ನಿಂತಿತ್ತು. ಸುಮಾರು 250 ಕಿಲೋಮೀಟರ್ ದಾರಿ. ಊರವರು ಹಾರ ಹಾಕಿ ಮೆರವಣಿಗೆ ಮಾಡಿದರು, ಊಟ ಹಾಕಿದರು.

ಈ ಸುದ್ದಿ ಸುಳ್ಳಲ್ಲ, ಸುದ್ದಿಸಂಸ್ಥೆಗಳು ಯಜಮಾನರನ್ನು ಮಾತಾಡಿಸಿಯೇ ವರದಿ ಮಾಡಿದ್ದವು. ಪವಾಡವೋ, ಮೂಗಿನ ಬಲವೋ ಎಂಬ ಚರ್ಚೆಗೆ ನಾವು ಇಲ್ಲಿ ಹೋಗುವುದಿಲ್ಲ. ನಮ್ಮನ್ನು ಕಾಡಿದ್ದು ಬೇರೆ ವಿಚಾರ. 250 ಕಿಲೋಮೀಟರ್ ನಡೆದ ನಾಯಿಯ ಸುದ್ದಿಯನ್ನು ಎಲ್ಲರೂ ಕಳಿಸುತ್ತಾರೆ. ಮನೆಯ ಮೂರು ಮೆಟ್ಟಿಲು ಹತ್ತಲಾಗದೆ ಕೆಳಗೇ ಕೂತ ಹನ್ನೆರಡು ವರ್ಷದ ನಾಯಿಯ ಬಗ್ಗೆ ಏನು ಮಾಡಬೇಕು ಅಂತ ಕೇಳಿದರೆ ಉತ್ತರ ಒಂದೇ: ‘ವಯಸ್ಸಾಗೈತಿ ಬಿಡ್ರಿ, ಇನ್ನೇನ್ ಮಾಡಾಕ ಬರ್ತೈತಿ?’

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ನಾಯಿ ಅಂದರೆ ಬರೀ ಕಾವಲಿನ ಪ್ರಾಣಿ ಅಲ್ಲ. ನರಸೋಬಾವಾಡಿಗೆ ಹೋಗಿ ತಂದ ದತ್ತನ ಫೋಟೊದಲ್ಲಿ ಪಾದದ ಹತ್ತಿರ ನಾಲ್ಕು ನಾಯಿಗಳಿರುತ್ತವೆ. ಮೈಲಾರಲಿಂಗನ ಜೊತೆಗೂ ನಾಯಿ ಇದೆ. ಕಬ್ಬಿನ ತೋಟದ ನಡುವೆ ಮನೆ ಮಾಡಿಕೊಂಡವರಿಗೆ ರಾತ್ರಿ ಬೊಗಳುವ ದನಿಯೇ ಧೈರ್ಯ. ಕುರಿ ಹಿಂಡಿನ ಹಿಂದೆ ಹೋಗುವ ನಾಯಿ ಬೇರೆ, ಪಕ್ಕದ ಬಾಗಲಕೋಟೆ ಜಿಲ್ಲೆಯಿಂದ ತಂದ ಮುಧೋಳ ನಾಯಿ ಬೇರೆ. ಇಷ್ಟೆಲ್ಲ ಇದ್ದರೂ ನಾಯಿ ಮುದಿಯಾದ ಮೇಲೆ ಅದರ ಆರೈಕೆಯನ್ನು ನಾವು ಒಪ್ಪಿಸುವುದು ವಾಟ್ಸಾಪ್‌ಗೆ ಮತ್ತು ಮನೆಯ ಗುಳಿಗೆ ಡಬ್ಬಿಗೆ. ತಪ್ಪು ಶುರುವಾಗುವುದೇ ಅಲ್ಲಿ.

ಒಂದು ವರ್ಷಕ್ಕೆ ಏಳು ಅನ್ನೋದು ನಿಜವೇ?

‘ನಾಯಿಯ ಒಂದು ವರ್ಷ ಮನುಷ್ಯರ ಏಳು ವರ್ಷಕ್ಕೆ ಸಮ’ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಲೆಕ್ಕ ಸುಲಭ, ಆದರೆ ಸರಿಯಲ್ಲ. ಒಂದು ವರ್ಷದ ಹೆಣ್ಣು ನಾಯಿ ಮರಿ ಹಾಕಬಲ್ಲದು. ಏಳು ವರ್ಷದ ಹುಡುಗಿಗೆ ಅದನ್ನು ಹೋಲಿಸುವುದು ಹೇಗೆ?

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು 104 ಲ್ಯಾಬ್ರಡಾರ್ ನಾಯಿಗಳ ಡಿಎನ್‌ಎ ಮೇಲೆ ವಯಸ್ಸು ಮೂಡಿಸುವ ರಾಸಾಯನಿಕ ಗುರುತುಗಳನ್ನು ಮನುಷ್ಯರ ಗುರುತುಗಳ ಜೊತೆ ಹೋಲಿಸಿ 2020ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ, ಒಂದು ವರ್ಷದ ಲ್ಯಾಬ್ರಡಾರ್ ಸುಮಾರು 31ರ ಮನುಷ್ಯನಿಗೆ ಸಮ. ಎರಡಕ್ಕೆ 42, ಎಂಟಕ್ಕೆ 64, ಹನ್ನೆರಡಕ್ಕೆ 71ರ ಹತ್ತಿರ. ಅಂದರೆ ನಾಯಿ ಮೊದಲ ವರ್ಷಗಳಲ್ಲಿ ಓಡೋಡಿ ಬೆಳೆದು, ಆಮೇಲೆ ನಿಧಾನವಾಗಿ ಮುದಿಯಾಗುತ್ತದೆ. ಈ ಲೆಕ್ಕ ಒಂದೇ ತಳಿಯದ್ದು ಎಂಬುದೂ ನೆನಪಿರಲಿ. ದೊಡ್ಡ ಗಾತ್ರದ ತಳಿಗಳು ಸಣ್ಣವಕ್ಕಿಂತ ಬೇಗ ಮುಪ್ಪಾಗುತ್ತವೆ. ಗ್ರೇಟ್ ಡೇನ್ ಎಂಟಕ್ಕೇ ಅಜ್ಜ, ಪಾಮೇರಿಯನ್ ಎಂಟಕ್ಕೆ ಇನ್ನೂ ಮಧ್ಯವಯಸ್ಸು.

ಏಳರ ಲೆಕ್ಕದಿಂದ ಆಗುವ ನಷ್ಟ ಇಷ್ಟು. ‘ಹನ್ನೆರಡು ಏಳಲೆ ಎಂಬತ್ನಾಲ್ಕು’ ಅಂತ ಗುಣಿಸಿದ ಕೂಡಲೇ ಮನಸ್ಸು ಕೈಚೆಲ್ಲಿಬಿಡುತ್ತದೆ. 71 ಅಂದರೆ? ನಮ್ಮ ಅಜ್ಜನಿಗೆ 71ಕ್ಕೆ ಮಂಡಿ ನೋವು ಬಂದಾಗ ನಾವು ಮಿರಜಕ್ಕೆ ಕರೆದುಕೊಂಡು ಹೋದೆವು, ‘ವಯಸ್ಸಾಗೈತಿ’ ಅಂತ ಹೇಳಿ ಬಿಡಲಿಲ್ಲ.

ನೀರು ಕುಡಿಯುವುದು ಹೆಚ್ಚಾದರೆ

ನಮ್ಮ ತಪ್ಪನ್ನೂ ಹೇಳುತ್ತೇವೆ. ರಾಯಬಾಗ ತಾಲ್ಲೂಕಿನ ನಮ್ಮ ತೋಟದ ಮನೆಯಲ್ಲಿ ಮೋತಿ ಅನ್ನುವ ನಾಯಿ ಇತ್ತು. ಹನ್ನೊಂದು ದಾಟಿತ್ತು. ಒಂದು ಬೇಸಿಗೆ ಅದು ತನ್ನ ಬಟ್ಟಲು ಖಾಲಿ ಮಾಡಿ ದನಗಳ ತೊಟ್ಟಿಗೂ ಬಾಯಿ ಹಾಕತೊಡಗಿತು. ಬಿಸಿಲಿಗೆ ಅಂದುಕೊಂಡೆವು. ರಾತ್ರಿ ಪಡಸಾಲೆಯಲ್ಲೇ ಉಚ್ಚೆ ಹೊಯ್ದಾಗ, ಎಂದೂ ಹಾಗೆ ಮಾಡದ ನಾಯಿಗೆ ಬೈದೆವು. ಮಳೆ ಬಂದು ತಂಪಾದ ಮೇಲೂ ನೀರು ಕುಡಿಯುವುದು ಕಡಿಮೆ ಆಗಲಿಲ್ಲ. ಆಗ ರಕ್ತ ಪರೀಕ್ಷೆ ಮಾಡಿಸಿದೆವು. ಕ್ರಿಯೇಟಿನಿನ್ ಹೆಚ್ಚಾಗಿತ್ತು, ಕಿಡ್ನಿ ಅರ್ಧಕ್ಕಿಂತ ಹೆಚ್ಚು ಕೆಲಸ ನಿಲ್ಲಿಸಿತ್ತು.

ಇದರ ಹಿಂದಿನ ಕಾರಣ ತಿಳಿದಿದ್ದರೆ ನಾವು ಬೈಯುತ್ತಿರಲಿಲ್ಲ. ಕಿಡ್ನಿ ಸೋತಾಗ ಉಚ್ಚೆಯನ್ನು ಗಟ್ಟಿ ಮಾಡುವ ಶಕ್ತಿ ಮೊದಲು ಹೋಗುತ್ತದೆ. ಮೈಯ ನೀರೆಲ್ಲ ತೆಳ್ಳಗೆ ಹೊರಗೆ ಹೋಗುತ್ತದೆ, ಅದನ್ನು ತುಂಬಿಕೊಳ್ಳಲು ನಾಯಿ ಕುಡಿಯುತ್ತಲೇ ಇರುತ್ತದೆ. ಕಿಡ್ನಿಯ ಸುಮಾರು ಮೂರನೇ ಎರಡು ಭಾಗ ಕೆಲಸ ನಿಂತ ಮೇಲಷ್ಟೇ ಈ ಲಕ್ಷಣ ಕಾಣುತ್ತದೆ, ಕ್ರಿಯೇಟಿನಿನ್ ಏರುವುದು ಇನ್ನೂ ತಡ. ಹಾಗಾಗಿ ಕಂಡ ದಿನವೇ ತಡವಾಗಿರುತ್ತದೆ.

ಇದನ್ನು ಮನೆಯಲ್ಲೇ ಅಳೆಯಬಹುದು. ಬೆಳಿಗ್ಗೆ ಎರಡು ಲೀಟರ್ ಬಾಟಲಿಯಿಂದ ಬಟ್ಟಲಿಗೆ ಹಾಕುತ್ತ ಹೋಗಿ, ಬೇರೆ ನೀರು ಸಿಗದಂತೆ ನೋಡಿಕೊಳ್ಳಿ, ಮರುದಿನ ಅದೇ ಹೊತ್ತಿಗೆ ಎಷ್ಟು ಉಳಿಯಿತು ನೋಡಿ. ಒಂದು ಕೆಜಿ ತೂಕಕ್ಕೆ ದಿನಕ್ಕೆ 100 ಮಿಲಿಲೀಟರ್‌ಗಿಂತ ಹೆಚ್ಚು ಅಂದರೆ ಪರೀಕ್ಷೆ ಬೇಕು. 20 ಕೆಜಿಯ ನಾಯಿಗೆ ಅದು ಎರಡು ಲೀಟರ್. ಕುಡಿಯುತ್ತದೆ ಅಂತ ನೀರು ಮಾತ್ರ ಕಡಿಮೆ ಮಾಡಬೇಡಿ, ಅದು ಕಿಡ್ನಿಯನ್ನು ಇನ್ನಷ್ಟು ಬೇಗ ಕೆಡಿಸುತ್ತದೆ.

ಎಲ್ಲ ನೀರಡಿಕೆಯೂ ಕಿಡ್ನಿಯದ್ದಲ್ಲ. ಸಕ್ಕರೆ ಕಾಯಿಲೆ ನಾಯಿಗಳಿಗೂ ಬರುತ್ತದೆ. ಆಪರೇಷನ್ ಆಗದ ಮುದಿ ಹೆಣ್ಣು ನಾಯಿ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ವಿಪರೀತ ನೀರು ಕುಡಿದು, ಅನ್ನ ಬಿಟ್ಟು, ವಾಂತಿ ಮಾಡಿಕೊಂಡರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಹಿಂದಿನಿಂದ ಕೀವು ಸೋರಲೂಬಹುದು, ಸೋರದೆಯೂ ಇರಬಹುದು. ಸೋರದಿದ್ದರೆ ಇನ್ನೂ ಅಪಾಯ. ಅದಕ್ಕೆ ನಾಳೆ ನೋಡೋಣ ಅನ್ನುವ ಅವಕಾಶವಿಲ್ಲ, ಅದೇ ದಿನ ಡಾಕ್ಟರ್ ನೋಡಬೇಕು.

ಕಿವಿ ಬಿಸಿ, ಮೂಗು ಒಣ: ಜ್ವರ ಬಂದಿದೆಯೇ?

ನಮ್ಮ ಮೈಯ ಸಹಜ ಬಿಸಿ 98.6 ಡಿಗ್ರಿ ಫ್ಯಾರನ್‌ಹೀಟ್. ನಾಯಿಯದ್ದು 101ರಿಂದ 102.5. ಅಂದರೆ ಚೆನ್ನಾಗಿರುವ ನಾಯಿಯ ಮೈಯೇ ನಮ್ಮ ಕೈಗೆ ಜ್ವರದ ಮೈ ಥರ ಬಿಸಿ ತಾಕುತ್ತದೆ. ಮಲಗಿ ಎದ್ದ ನಾಯಿಯ ಮೂಗು ಒಣಗಿರುವುದೂ ಸಹಜ. ಮುದಿ ನಾಯಿಗಳಲ್ಲಿ ಮೂಗಿನ ಚರ್ಮ ದಪ್ಪಗಾಗಿ ಸದಾ ಒಣಗಿದಂತೆಯೇ ಕಾಣಬಹುದು. ಜ್ವರ ಗೊತ್ತಾಗಬೇಕಾದರೆ ಹಿಂದಿನಿಂದ ಥರ್ಮಾಮೀಟರ್ ಇಡಬೇಕು, ಬೇರೆ ದಾರಿ ಇಲ್ಲ. ಕೈಯಿಟ್ಟು ನೋಡಿ ‘ಸುಡಾಕತ್ತೈತಿ’ ಅಂದುಕೊಂಡು ಡಬ್ಬಿಯಿಂದ ಒಂದು ಗುಳಿಗೆ ತೆಗೆದು ರೊಟ್ಟಿಯೊಳಗೆ ಸುತ್ತಿ ಹಾಕುವವರು ಎಷ್ಟು ಜನ!

ಆ ಗುಳಿಗೆಯ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ‘ನಾಯಿ ಕುಂಟುತ್ತಿದ್ದರೆ ಅರ್ಧ ನೋವಿನ ಗುಳಿಗೆ ಸಾಕು’ ಎಂಬ ಸಲಹೆ ಅಂಗಡಿ ಕಟ್ಟೆಯಲ್ಲೂ ಸಿಗುತ್ತದೆ, ಫೋನಿನಲ್ಲೂ ಸಿಗುತ್ತದೆ. ಐಬುಪ್ರೊಫೆನ್ (ಕಾಂಬಿಫ್ಲಾಮ್‌ನಲ್ಲಿ ಇದು ಪ್ಯಾರಾಸಿಟಮಾಲ್ ಜೊತೆ ಇರುತ್ತದೆ), ಡೈಕ್ಲೊಫೆನಾಕ್, ಆಸ್ಪಿರಿನ್ ಇವೆಲ್ಲ ನೋವು ಉಂಟುಮಾಡುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಡೆಯುತ್ತವೆ. ಆದರೆ ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವುದೂ, ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಇದೇ ರಾಸಾಯನಿಕ. ನಾಯಿಯ ಮೈಯಲ್ಲಿ ಈ ಕಾಪು ನಮಗಿಂತ ಬೇಗ ಕುಸಿಯುತ್ತದೆ. ಹೊಟ್ಟೆಯಲ್ಲಿ ಹುಣ್ಣಾಗಿ, ಕರಿ ಡಾಂಬರಿನಂಥ ಮಲ ಬಂದು, ಕಿಡ್ನಿ ಕೆಡಬಹುದು. ಮೋತಿಯ ಥರ ಕಿಡ್ನಿ ಮೊದಲೇ ಸೋತ ಮುದಿ ನಾಯಿಗೆ ಒಂದೇ ಗುಳಿಗೆ ಸಾಕಾಗಬಹುದು. ಪ್ಯಾರಾಸಿಟಮಾಲ್ ಹೆಚ್ಚಾದರೆ ನಾಯಿಯ ಯಕೃತ್ತು ಮತ್ತು ರಕ್ತಕಣ ಎರಡಕ್ಕೂ ಪೆಟ್ಟು. ಬೆಕ್ಕಿಗಂತೂ ಒಂದು ಗುಳಿಗೆಯೂ ಜೀವಕ್ಕೆ ಅಪಾಯ.

ಡೈಕ್ಲೊಫೆನಾಕ್ ಬಗ್ಗೆ ಇನ್ನೊಂದು ಮಾತು. ದನಗಳಿಗೆ ಇದೇ ಔಷಧ ಕೊಟ್ಟು, ಸತ್ತ ದನದ ಮಾಂಸ ತಿಂದ ರಣಹದ್ದುಗಳ ಕಿಡ್ನಿ ಕೆಟ್ಟು, ಬಿಳಿ ಬೆನ್ನಿನ ರಣಹದ್ದುಗಳ ಸಂಖ್ಯೆ ದೇಶದಲ್ಲಿ ಶೇಕಡ 99ಕ್ಕಿಂತ ಹೆಚ್ಚು ಕುಸಿಯಿತು. 2006ರಲ್ಲಿ ಭಾರತ ಪ್ರಾಣಿಗಳಿಗೆ ಅದನ್ನು ಬಳಸುವುದನ್ನು ನಿಷೇಧಿಸಿತು. ಮನುಷ್ಯರ ಪಟ್ಟಿಯಲ್ಲಿ ಮಾತ್ರ ಅದು ಈಗಲೂ ಎಲ್ಲ ಮೆಡಿಕಲ್ ಅಂಗಡಿಯಲ್ಲಿದೆ.

ಹಾಗಾದರೆ ಮುದಿ ನಾಯಿ ನೋವು ತಿನ್ನುತ್ತ ಕೂರಬೇಕೇ? ಬೇಡ. ಕೀಲು ಸವೆತಕ್ಕೆ ನಾಯಿಗಳಿಗೆಂದೇ ತೂಕ ನೋಡಿ ಕೊಡುವ ಮೆಲೊಕ್ಸಿಕಾಮ್, ಕಾರ್ಪ್ರೊಫೆನ್‌ನಂಥ ಔಷಧಗಳಿವೆ. ಡಾಕ್ಟರ್ ರಕ್ತ ನೋಡಿ, ಎಷ್ಟು ದಿನ ಅಂತ ಹೇಳಿ ಕೊಡುತ್ತಾರೆ. ಔಷಧಕ್ಕಿಂತ ಮೊದಲು ನೆಲ ನೋಡಿ. ಈಗ ತೋಟದ ಮನೆಗಳಲ್ಲೂ ನುಣುಪಾದ ಟೈಲ್ಸ್ ಬಂದಿವೆ. ಹಿಂಗಾಲು ಸೋತ ನಾಯಿ ಅದರ ಮೇಲೆ ಜಾರುತ್ತದೆ, ಜಾರಿದರೆ ಏಳಲು ಹೆದರುತ್ತದೆ, ಹೆದರಿ ಮಲಗಿದಷ್ಟೂ ಸ್ನಾಯು ಕರಗುತ್ತದೆ. ಅದು ಓಡಾಡುವ ದಾರಿಗೆ ಗೋಣಿತಟ್ಟು, ಮಲಗುವಲ್ಲಿ ಹಳೇ ಕೌದಿ ದಪ್ಪಗೆ ಮಡಿಸಿ ಹಾಕಿ, ಉಗುರು ಕತ್ತರಿಸಿ. ತೂಕ ಹೆಚ್ಚಿದ್ದರೆ ಇಳಿಸಿ. ಇಷ್ಟಕ್ಕೇ ಎಷ್ಟೋ ನಾಯಿಗಳು ಮತ್ತೆ ಕಟ್ಟೆ ಹತ್ತಿವೆ.

ತೂಕದ ವಿಷಯದಲ್ಲಿ ಮುಧೋಳ ನಾಯಿ ಸಾಕಿದವರಿಗೆ ಒಂದು ಸಮಸ್ಯೆ ಇದೆ. ಆ ತಳಿಯ ಮೈಕಟ್ಟೇ ಸಣಕಲು, ಆರೋಗ್ಯವಾಗಿದ್ದಾಗಲೂ ಪಕ್ಕೆಲುಬು ಕಾಣುತ್ತವೆ. ಹಾಗಾಗಿ ಅದು ಸೊರಗುತ್ತಿರುವುದು ಕಣ್ಣಿಗೆ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದು ಬರೆದಿಟ್ಟುಕೊಳ್ಳಿ.

ದ್ರಾಕ್ಷಿ, ತಂಬಾಕು, ಸುಟ್ಟ ಆಯಿಲ್

‘ಮುದಿ ನಾಯಿಗೆ ಶಕ್ತಿ ಬರಲು ಒಣದ್ರಾಕ್ಷಿ ನೆನೆಸಿ ಕೊಡಿ.’ ಅಥಣಿ ಕಡೆ ದ್ರಾಕ್ಷಿ ತೋಟಗಳಿವೆ, ಒಣದ್ರಾಕ್ಷಿ ಮಾಡುವವರಿದ್ದಾರೆ, ಕೈಗೆ ಸುಲಭವಾಗಿ ಸಿಗುತ್ತದೆ. ದಯವಿಟ್ಟು ಬೇಡ. ದ್ರಾಕ್ಷಿ ಹಸಿಯಿರಲಿ, ಒಣಗಿದ್ದಿರಲಿ, ಕೆಲವು ನಾಯಿಗಳ ಕಿಡ್ನಿಯನ್ನು ಎರಡು ಮೂರು ದಿನದಲ್ಲಿ ನಿಲ್ಲಿಸಿಬಿಡುತ್ತದೆ. ಯಾವ ನಾಯಿಗೆ ಎಷ್ಟು ತಿಂದರೆ ಹಾಗಾಗುತ್ತದೆ ಎಂದು ಮುಂಚೆ ಹೇಳಲು ಬರುವುದಿಲ್ಲ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕು ಎಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಗುರುತಿಸಿದರು. ಹುಣಸೆ ಹಣ್ಣಿನಲ್ಲೂ ಇದೇ ಆಮ್ಲವಿದೆ. ‘ನಮ್ಮ ನಾಯಿ ತೋಟದಾಗ ದಿನಾ ತಿಂತೈತಿ, ಏನೂ ಆಗಿಲ್ಲ’ ಅಂತ ಒಬ್ಬರು ಹೇಳಬಹುದು. ಅವರ ನಾಯಿಗೆ ಆಗಿಲ್ಲ, ಅಷ್ಟೇ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಜಾಸ್ತಿ ತಿಂದರೆ ಕೆಂಪು ರಕ್ತಕಣ ಒಡೆದು ರಕ್ತ ಕಡಿಮೆ ಆಗುತ್ತದೆ. ರವಿವಾರದ ಮಟನ್ ರಸ್ಸಾ ಉಳಿದದ್ದನ್ನು ನಾಯಿಗೆ ಸುರಿಯುವವರು ಇದನ್ನು ನೆನಪಿಡಿ. ಅದರೊಳಗಿನ ಬೆಂದ ಎಲುಬು ಮುಳ್ಳಿನಂತೆ ಸೀಳುತ್ತದೆ, ಮುದಿ ಹಲ್ಲಿಗೂ ಕರುಳಿಗೂ ಅದು ಒಳ್ಳೆಯದಲ್ಲ.

ಉಣ್ಣಿಗೆ ತಂಬಾಕಿನ ನೀರು ಹಚ್ಚುವುದು ಹಳೆಯ ಪದ್ಧತಿ. ನಿಪ್ಪಾಣಿ ಅಂದರೆ ಬೀಡಿ ತಂಬಾಕಿನ ಊರು, ತಂಬಾಕಿನ ಪುಡಿಗೆ ಬರವಿಲ್ಲ. ನಿಕೋಟಿನ್ ಹುಳ ಕೊಲ್ಲುವುದು ನಿಜ. ಆದರೆ ಅದು ಚರ್ಮದ ಮೂಲಕವೇ ರಕ್ತಕ್ಕೆ ಇಳಿಯುತ್ತದೆ. ಹಸಿ ತಂಬಾಕಿನ ಎಲೆ ಮುರಿಯುವ ಕೂಲಿಯವರಿಗೆ ತಲೆಸುತ್ತು, ವಾಂತಿ ಬರುವುದು ಇದರಿಂದಲೇ. ನಾಯಿಯಾದರೆ ಮೈ ನೆಕ್ಕಿಕೊಂಡು ಹೊಟ್ಟೆಗೂ ತೆಗೆದುಕೊಳ್ಳುತ್ತದೆ. ಕಜ್ಜಿಗೆ ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ಬಳಿಯುವುದೂ, ದನಗಳ ಉಣ್ಣಿ ಔಷಧವನ್ನು ಅಳತೆ ಇಲ್ಲದೆ ಸುರಿಯುವುದೂ ಇದೇ ಸಾಲಿನವು.

ಹಾಗಂತ ಉಣ್ಣಿಯನ್ನು ಬಿಡುವಂತಿಲ್ಲ. ಕಂದು ನಾಯಿ ಉಣ್ಣಿ ಕಚ್ಚಿದಾಗ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತದೆ. ನಾಯಿ ಮಂಕಾಗಿ, ಊಟ ಬಿಟ್ಟು, ಒಸಡು ಬಿಳಚಿಕೊಂಡು, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ಹತ್ತು ವರ್ಷದ ನಾಯಿಗೆ ಹೀಗಾದರೆ ‘ಕಾಲ ಬಂತು’ ಅನ್ನುತ್ತಾರೆ. ಬಂದದ್ದು ಉಣ್ಣಿ ಜ್ವರ. ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ, ಬೇಗ ಹಿಡಿದರೆ ಡಾಕ್ಸಿಸೈಕ್ಲಿನ್ ಎಂಬ ಸಾಮಾನ್ಯ ಆ್ಯಂಟಿಬಯೋಟಿಕ್‌ನಿಂದ ಹೆಚ್ಚಿನ ನಾಯಿಗಳು ಗುಣವಾಗುತ್ತವೆ.

ರಾತ್ರಿ ಊಳಿಡುವ ನಾಯಿಗೆ ಯಮ ಕಾಣುತ್ತಾನೆಯೇ?

ಈ ಬರಹ ಬರೆಯಬೇಕು ಅನ್ನಿಸಿದ್ದು ಮುಖ್ಯವಾಗಿ ಈ ಪ್ರಶ್ನೆಯಿಂದ. ನಾಯಿ ಊಳಿಟ್ಟರೆ ಆ ಓಣಿಯಲ್ಲಿ ಸಾವು ಅಂತ ನಂಬಿಕೆ. ಬೀದಿ ನಾಯಿ ಊಳಿಟ್ಟರೆ ಕಲ್ಲು ಹೊಡೆದು ಓಡಿಸುತ್ತಾರೆ. ಮನೆಯ ನಾಯಿಯೇ ರಾತ್ರಿ ಎರಡು ಗಂಟೆಗೆ ಗೋಡೆ ನೋಡುತ್ತ ಅಳತೊಡಗಿದರೆ? ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದಿದ್ದರೆ ಅಂಜಿಕೆ ಇನ್ನೂ ಹೆಚ್ಚು. ‘ದೂರ ಬಿಟ್ಟು ಬರ್ರಿ’ ಎಂಬ ಮಾತು ಬರುತ್ತದೆ. ಹತ್ತು ವರ್ಷ ಮನೆ ಕಾದ ನಾಯಿಯನ್ನು ಗಾಡಿಯಲ್ಲಿ ಹಾಕಿಕೊಂಡು ಹೆದ್ದಾರಿ ಬದಿ ಇಳಿಸಿ ಬರುತ್ತಾರೆ.

ಆ ನಾಯಿಗೆ ಕಾಣುತ್ತಿರುವುದು ಯಮನಲ್ಲ. ಬಹಳ ಸಲ ಅದಕ್ಕೆ ಏನೂ ತಿಳಿಯುತ್ತಿಲ್ಲ ಎಂಬುದೇ ಅದರ ಸಂಕಟ. ಮನುಷ್ಯರಿಗೆ ಬರುವ ಮರೆವಿನ ಕಾಯಿಲೆಯಂಥದ್ದೇ ನಾಯಿಗಳಿಗೂ ಬರುತ್ತದೆ. ಆಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಕಟ್ಟಿಕೊಳ್ಳುವ ಅಮೈಲಾಯ್ಡ್ ಎಂಬ ಪ್ರೋಟೀನೇ ಮುದಿ ನಾಯಿಗಳ ಮಿದುಳಲ್ಲೂ ಕಟ್ಟುತ್ತದೆ. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 11–12 ವರ್ಷದ ನಾಯಿಗಳ ಪೈಕಿ ಶೇಕಡ 28ರಲ್ಲಿ, 15–16 ವರ್ಷದವುಗಳ ಪೈಕಿ ಶೇಕಡ 68ರಲ್ಲಿ ಇದರ ಒಂದಾದರೂ ಲಕ್ಷಣ ಕಂಡಿತ್ತು. ಗೊತ್ತಿದ್ದ ಬಾಗಿಲ ಬದಲು ಕದದ ಸಂದಿಯ ಕಡೆ ಹೋಗಿ ನಿಲ್ಲುವುದು, ಮೂಲೆಯಲ್ಲಿ ಸಿಕ್ಕಿಕೊಂಡು ಹಿಂದೆ ಬರಲು ತಿಳಿಯದಿರುವುದು, ಮನೆಯವರನ್ನು ಕಂಡರೂ ಬಾಲ ಅಲ್ಲಾಡಿಸದಿರುವುದು, ಹಗಲು ನಿದ್ದೆ, ರಾತ್ರಿ ಎಚ್ಚರ, ಅಡ್ಡಾಟ, ಕೂಗು. ಕತ್ತಲಾದ ಮೇಲೆ ಹೆಚ್ಚುತ್ತದೆ, ಏಕೆಂದರೆ ಕಣ್ಣು ಮತ್ತು ಕಿವಿಯಿಂದ ಸಿಗುತ್ತಿದ್ದ ಗುರುತುಗಳೂ ಆಗ ಇರುವುದಿಲ್ಲ. ಕಿವುಡಾದ ನಾಯಿ ತನ್ನ ದನಿ ತನಗೇ ಕೇಳದೆ ಜೋರಾಗಿ ಕೂಗುವುದೂ ಉಂಟು. ಕೀಲು ನೋವಿದ್ದರೆ ರಾತ್ರಿಯ ತಂಪಿಗೆ ಅದು ಹೆಚ್ಚುತ್ತದೆ.

ಈ ಕಾಯಿಲೆ ಪೂರ್ತಿ ಗುಣವಾಗುವುದಿಲ್ಲ. ಆದರೆ ರಾತ್ರಿಗಳನ್ನು ಸಲೀಸು ಮಾಡಬಹುದು. ಮಲಗುವ ಜಾಗದಲ್ಲಿ ಒಂದು ಸಣ್ಣ ಬಲ್ಬ್ ಹಚ್ಚಿಡಿ. ಬಟ್ಟಲು, ಹಾಸಿಗೆ ಇದ್ದಲ್ಲೇ ಇರಲಿ. ಸಂಜೆ ಒಂದು ಸುತ್ತು ನಡೆಸಿ, ಮಲಗುವ ಮೊದಲು ಉಚ್ಚೆಗೆ ಹೊರಗೆ ಕರೆದುಕೊಂಡು ಹೋಗಿ. ಹಿಂದಿನಿಂದ ಬಂದು ಮುಟ್ಟಿ ಬೆಚ್ಚಿಬೀಳಿಸಬೇಡಿ. ನೋವಿದೆಯೇ ಎಂದು ಡಾಕ್ಟರ್ ಮೊದಲು ನೋಡಬೇಕು, ಸೆಲಿಜಿಲಿನ್ ಎಂಬ ಔಷಧದಿಂದ ಕೆಲವು ನಾಯಿಗಳಿಗೆ ಅನುಕೂಲವಾಗುತ್ತದೆ. ಹಸಿವಿನಿಂದಲೋ ನೀರಿಲ್ಲದೆಯೋ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಎಂಬುದೂ ತಿಳಿದಿರಲಿ.

ಕಣ್ಣಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಏಳೆಂಟು ವರ್ಷ ದಾಟಿದ ನಾಯಿಯ ಕಣ್ಣಿನಲ್ಲಿ ನೀಲಿ ಮಂಜಿನ ಛಾಯೆ ಕಂಡರೆ ಬಹುಪಾಲು ಅದು ಮಸೂರ ಗಟ್ಟಿಯಾದದ್ದು, ನಾಯಿಗೆ ಕಾಣುತ್ತಿರುತ್ತದೆ. ಹಾಲಿನಂತೆ ಬೆಳ್ಳಗಾಗಿ ಗೋಡೆಗೆ ಡಿಕ್ಕಿ ಹೊಡೆದರೆ ಪೊರೆ ಇರಬಹುದು. ಎರಡಕ್ಕೂ ಜೇನುತುಪ್ಪ, ಉಳ್ಳಾಗಡ್ಡಿ ರಸ ಹಾಕುವಂತಿಲ್ಲ.

ಇಲ್ಲಿ ಮಾತ್ರ ಪ್ರೀತಿ ಬದಿಗಿಡಿ

ನಾಯಿಯ ನಡತೆ ತಿಂಗಳುಗಟ್ಟಲೆ ನಿಧಾನವಾಗಿ ಬದಲಾದರೆ ಅದು ಮುಪ್ಪಿನ ಮರೆವಿರಬಹುದು. ಎರಡು ಮೂರು ದಿನದಲ್ಲಿ ಬದಲಾದರೆ ರೇಬೀಸ್ ಇರಬಹುದು ಅಂತಲೇ ಮೊದಲು ಯೋಚಿಸಬೇಕು. ದನಿ ಒಡೆಯುವುದು, ಜೊಲ್ಲು ಸುರಿಯುವುದು, ಕೆಳದವಡೆ ಜೋತು ಬೀಳುವುದು, ನುಂಗಲಾಗದಿರುವುದು. ಎಲ್ಲ ಹುಚ್ಚು ನಾಯಿಯೂ ಕಚ್ಚಲು ಓಡಿ ಬರುವುದಿಲ್ಲ. ಲಕ್ವ ಹೊಡೆದಂತೆ ಸುಮ್ಮನೆ ಮಲಗುವ ರೇಬೀಸ್ ಕೂಡ ಇದೆ. ‘ಗಂಟಲಾಗ ಎಲುಬು ಸಿಕ್ಕೈತಿ’ ಅಂತ ಬಾಯಿಗೆ ಕೈ ಹಾಕುವವರು ಅಪಾಯಕ್ಕೆ ಬೀಳುವುದು ಆಗಲೇ. ಕೈ ಹಾಕಬೇಡಿ, ಕೋಣೆಯಲ್ಲಿ ಕೂಡಿ ಡಾಕ್ಟರಿಗೆ ಹೇಳಿ. ಹಲ್ಲು ತಾಗಿದ್ದರೆ, ಗಾಯಕ್ಕೆ ಜೊಲ್ಲು ತಾಗಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಖಾರ, ಸುಣ್ಣ ಹಚ್ಚಬೇಡಿ. ‘ಮುದಿ ನಾಯಿಗೆ ಇಂಜೆಕ್ಷನ್ ಯಾಕ’ ಎಂಬ ಮಾತಿಗೂ ಉತ್ತರ ಇದೇ. ರೇಬೀಸ್ ಲಸಿಕೆಗೆ ವಯಸ್ಸಿನ ಮಿತಿ ಇಲ್ಲ.

ಎಲ್ಲಿಗೆ ಕರೆದುಕೊಂಡು ಹೋಗುವುದು?

ನಮ್ಮ ಕಡೆ ಡಾಕ್ಟರ್ ಅಂದರೆ ದನದ ಡಾಕ್ಟರ್, ಅವರ ದಿನವೆಲ್ಲ ಎಮ್ಮೆ, ಆಕಳಿಗೇ ಹೋಗುತ್ತದೆ. ಆದರೂ ಲಸಿಕೆ, ಉಣ್ಣಿ ಜ್ವರ, ಗಾಯ, ಮೊದಲ ತಪಾಸಣೆಗೆ ತಾಲ್ಲೂಕಿನ ಪಶು ಆಸ್ಪತ್ರೆ ಸಾಕು. ಸಂಕೋಚ ಬೇಡ. ಅಥಣಿ ತಾಲ್ಲೂಕಿನ ಕೊಕಟನೂರಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಎಕ್ಸ್‌ರೇ, ಸ್ಕ್ಯಾನಿಂಗ್, ಆಪರೇಷನ್‌ಗೆ ಜನ ಮಿರಜ, ಸಾಂಗಲಿ, ಕೊಲ್ಹಾಪುರ ಇಲ್ಲವೇ ಬೆಳಗಾವಿಗೆ ಹೋಗುತ್ತಾರೆ. 1962 ಪಶು ಸಂಜೀವಿನಿಯ ಉಚಿತ ಸಹಾಯವಾಣಿ. ಮುಖ್ಯವಾಗಿ ದನಕರುಗಳಿಗಾಗಿ ಮಾಡಿದ್ದು, ಆದರೂ ತುರ್ತಿದ್ದಾಗ ಕೇಳಿ ನೋಡಬಹುದು.

ಅಷ್ಟು ದೂರ ಹೋಗುವಾಗ ಫೋನನ್ನು ಸರಿಯಾಗಿ ಬಳಸಿ. ಆಸ್ಪತ್ರೆಯ ಟೇಬಲ್ ಮೇಲೆ ಹೆದರಿದ ನಾಯಿ ಕುಂಟುವುದಿಲ್ಲ, ಕೆಮ್ಮುವುದಿಲ್ಲ. ಮನೆಯಲ್ಲಿ ಅದು ಏಳುವುದು, ನಡೆಯುವುದು, ರಾತ್ರಿ ಕೂಗುವುದನ್ನು ವಿಡಿಯೊ ಮಾಡಿಕೊಳ್ಳಿ. ಗಾಢ ನಿದ್ದೆಯಲ್ಲಿದ್ದಾಗ ಎದೆ ಎಷ್ಟು ಸಲ ಏರುತ್ತದೆ ಎಂದು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿರಬೇಕು. ದಿನವೂ ಅದಕ್ಕಿಂತ ಹೆಚ್ಚಿದ್ದರೆ ಹೃದಯ ಇಲ್ಲವೇ ಶ್ವಾಸಕೋಶದ ತೊಂದರೆ ಇರಬಹುದು. ಹೊಸ ಗಂಟು ಕೈಗೆ ಸಿಕ್ಕರೆ ಪಕ್ಕದಲ್ಲಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ, ಬೆಳೆದರೆ ಗೊತ್ತಾಗುತ್ತದೆ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ, ಬರೀ ಕೊಬ್ಬಿನ ಗಂಟೂ ಇರುತ್ತವೆ, ಆದರೆ ಹೆಣ್ಣು ನಾಯಿಯ ಕೆಚ್ಚಲಿನ ಗಂಟನ್ನು ಕಾಯುತ್ತ ಕೂರಬಾರದು.

ಇನ್ನು ಕೊನೆಯ ಪ್ರಶ್ನೆ. ಮದ್ದಿಗೂ ಬಗ್ಗದಾಗ ಏನು ಮಾಡುವುದು? ಇದನ್ನು ಯಾವ ಫಾರ್ವರ್ಡ್ ಕೂಡ ತೀರ್ಮಾನಿಸಲಾರದು, ನಾವೂ ತೀರ್ಮಾನಿಸುವುದಿಲ್ಲ. ಆಲಿಸ್ ವಿಲಲೋಬೋಸ್ ಎಂಬ ಅಮೆರಿಕದ ಪಶುವೈದ್ಯೆ ಇದಕ್ಕೆಂದೇ ಒಂದು ಅಳತೆ ಮಾಡಿಕೊಟ್ಟಿದ್ದಾರೆ. ನೋವು, ಹಸಿವು, ಮೈಯ ನೀರು, ಸ್ವಚ್ಛತೆ, ಖುಷಿ, ಓಡಾಟ, ಒಳ್ಳೆಯ ದಿನಗಳ ಲೆಕ್ಕ, ಹೀಗೆ ಏಳು ವಿಷಯಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ. ದಿನವೂ ನೋಡುವ ಕಣ್ಣಿಗೆ ಇಳಿತ ಕಾಣುವುದಿಲ್ಲ, ಬರೆದಿಟ್ಟರೆ ಕಾಣುತ್ತದೆ. ಡಾಕ್ಟರ್ ದಯಾಮರಣದ ಮಾತೆತ್ತಿದರೆ ಅವರು ಕಟುಕರಲ್ಲ. ಅರಿವಳಿಕೆ ಔಷಧದಿಂದ ನಾಯಿ ಮೊದಲು ನಿದ್ದೆ ಹೋಗುತ್ತದೆ, ಆಮೇಲೆ ಹೃದಯ ನಿಲ್ಲುತ್ತದೆ.

ಮೋತಿಗೆ ಡಾಕ್ಟರ್ ಊಟ ಬದಲಿಸಿದರು, ವಾಂತಿಗೆ ಗುಳಿಗೆ ಕೊಟ್ಟರು, ಆಗಾಗ ಸಲೈನ್ ಹಾಕಿದರು. ಅದು ಇನ್ನೂ ಏಳು ತಿಂಗಳು ಬದುಕಿತು. ನಾವು ಅಂಕ ಬರೆಯಲಿಲ್ಲ. ಅಡುಗೆ ಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಅವ್ವ ದಿನವೂ ಪೆನ್ನಿನಿಂದ ಒಂದು ಗುರುತು ಹಾಕುತ್ತಿದ್ದಳು. ರೊಟ್ಟಿ ತಿಂದು ಬಾಗಿಲ ತನಕ ಬಂದರೆ ಚುಕ್ಕೆ, ಇಲ್ಲದಿದ್ದರೆ ಗೀಟು. ನವೆಂಬರ್ ಪುಟದಲ್ಲಿ ಇಪ್ಪತ್ತೆರಡು ಚುಕ್ಕೆಗಳಿದ್ದವು. ಡಿಸೆಂಬರ್‌ನಲ್ಲಿ ಒಂಬತ್ತು. ಜನವರಿಯ ಮೊದಲ ವಾರ ಬರೀ ಗೀಟು ಕಂಡ ಮೇಲೆ ಅವ್ವನೇ ಡಾಕ್ಟರಿಗೆ ಫೋನ್ ಮಾಡಲು ಹೇಳಿದಳು.